ರೋಗಿಯ ಕೈಗೂ ಒಂದು ಹಿಡಿ ಹಿಟ್ಟು

ನಮ್ಮ ನಾಡಿನಲ್ಲಿ ಬ್ರೆಡ್ಡಿಗೂ ಕಾಯಿಲೆಗೂ ಹಳೆಯ ನಂಟು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಆಸ್ಪತ್ರೆಗೆ ನೋಡಲು ಹೋಗುವಾಗ ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ, ನಾಲ್ಕು ಕಿತ್ತಳೆ. ಇದು ನಾವೆಲ್ಲರೂ ಪಾಲಿಸಿಕೊಂಡು ಬಂದಿರುವ ಶಿಷ್ಟಾಚಾರ. ಔಷಧ, ಸಲಹೆ, ಸಹಾನುಭೂತಿಗಳಂತೆ ಬ್ರೆಡ್ಡು ಕೂಡ ರೋಗಿಗೆ ಹೊರಗಿನಿಂದಲೇ ಬರುತ್ತದೆ. ಹಾಸಿಗೆ ಹಿಡಿದವರ ದೊಡ್ಡ ಸಂಕಟಗಳಲ್ಲಿ ಇದೂ ಒಂದೆಂದು ನನ್ನ ಅನಿಸಿಕೆ: ಅವರು ಬೆಳಗಿನಿಂದ ರಾತ್ರಿಯವರೆಗೆ ಪಡೆಯುವವರಾಗಿಯೇ ಇರಬೇಕು. ಕೊಡುವ ಅವಕಾಶ ಅವರಿಗಿಲ್ಲ.

ಮೊದಲ ಶುಕ್ರವಾರಗಳಂದು ರೋಗಿಗಳಿಗೆ ಪರಮಪ್ರಸಾದವನ್ನು ಒಯ್ಯುವಾಗ ನಾನು ಭೇಟಿ ಕೊಡುತ್ತಿದ್ದ ಮನೆಯೊಂದಿತ್ತು. ಮನೆಯ ತಾಯಿಗೆ ವಾರಕ್ಕೆರಡು ದಿನ ಡಯಾಲಿಸಿಸ್. ನಡುವಿನ ದಿನಗಳಲ್ಲಿ ತುಸು ಚೇತರಿಸಿಕೊಂಡಾಗ ಆಕೆ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತು ರೊಟ್ಟಿಯ ಹಿಟ್ಟು ನಾದುತ್ತಿದ್ದರು. ವೈದ್ಯರ ಪಥ್ಯದಂತೆ ತಾವು ತಿನ್ನುತ್ತಿದ್ದುದು ಒಂದು ಚಿಕ್ಕ ತುಂಡು ಮಾತ್ರ, ಉಳಿದುದೆಲ್ಲ ಮೊಮ್ಮಕ್ಕಳಿಗೆ. "ಒಂದು ತುಂಡು ತೆಗೆದುಕೊಂಡು ಹೋಗಿ ಫಾದರ್, ನಾನೇ ಮಾಡಿದ್ದು" ಎನ್ನುವಾಗ ಆ ಸ್ವರದಲ್ಲಿ ರೋಗಿಯ ದೈನ್ಯವಿರುತ್ತಿರಲಿಲ್ಲ.

ಅಡುಗೆಗಳಲ್ಲೆಲ್ಲ ರೊಟ್ಟಿ ಸುಡುವ ಕೆಲಸ ಅಸ್ವಸ್ಥರಿಗೆ ವಿಶೇಷವಾಗಿ ಒಗ್ಗುತ್ತದೆ. ಕಾರಣ ಸರಳ. ಮೈದಾ, ಉಪ್ಪು, ಯೀಸ್ಟು, ಉಗುರುಬೆಚ್ಚಗಿನ ನೀರು ಸೇರಿಸಿ ನಾದಲು ಹತ್ತು ನಿಮಿಷ. ಬಳಿಕ ಒಂದೆರಡು ಗಂಟೆ ಮನುಷ್ಯನಿಗೆ ಅಲ್ಲಿ ಕೆಲಸವಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನ ಸಕ್ಕರೆಯನ್ನು ಉಂಡು ಅನಿಲವನ್ನು ಬಿಡುತ್ತಾ ಅದನ್ನು ಉಬ್ಬಿಸುತ್ತವೆ. ಕರಾವಳಿಯ ನಮ್ಮ ಅಜ್ಜಿಯಂದಿರು ಸನ್ನಾದ ಹಿಟ್ಟಿಗೆ ಕಳ್ಳು ಬೆರೆಸಿ ರಾತ್ರಿಯಿಡೀ ಇಡುತ್ತಿದ್ದುದೂ ಇದೇ ಕಾರ್ಯಕ್ಕಾಗಿ. ಆ ಹೊತ್ತಿನಲ್ಲಿ ರೋಗಿ ಹೋಗಿ ಮಲಗಬಹುದು. ಕಾಯಿಲೆಯವರಿಗೆ ಕಾಯುವುದು ಹೊಸದೇನಲ್ಲ. ರಕ್ತಪರೀಕ್ಷೆಯ ವರದಿಗಾಗಿ, ವೈದ್ಯರ ಬರವಿಗಾಗಿ ಅಂಜುತ್ತ ಕಾಯುವುದೇ ಅವರ ದಿನಚರಿ. ಬಟ್ಟೆ ಮುಚ್ಚಿದ ಪಾತ್ರೆಯೊಳಗೆ ಹಿಟ್ಟು ಉಬ್ಬುವುದನ್ನು ಕಾಯುವಾಗ ಆ ಅಂಜಿಕೆಯಿಲ್ಲ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ದುಃಖಶಮನದ ಉಪಾಯಗಳನ್ನು ವಿಚಾರಿಸುತ್ತಾ ಸುಖಾನುಭವ, ಕಣ್ಣೀರು, ಗೆಳೆಯರ ಮರುಕ, ಸತ್ಯದ ಚಿಂತನೆ ಇವುಗಳೊಡನೆ ನಿದ್ರೆಯನ್ನೂ ಸ್ನಾನವನ್ನೂ ಹೆಸರಿಸುತ್ತಾರೆ. ಸೆಮಿನರಿಯಲ್ಲಿ ಇದನ್ನು ಓದಿದಾಗ ಅಷ್ಟು ದೊಡ್ಡ ತತ್ತ್ವಜ್ಞಾನಿ ಸ್ನಾನದ ಮಾತೆತ್ತಿದುದಕ್ಕೆ ನಾವು ನಕ್ಕಿದ್ದುಂಟು. ಅಡುಗೆ ಆ ಪಟ್ಟಿಯಲ್ಲಿಲ್ಲ. ಮಠದಲ್ಲಿ ಅವರಿಗೆ ಬೇಯಿಸಿಕೊಡುವವರು ಬೇರೆಯವರಿದ್ದಿರಬೇಕು! ಆದರೆ ದೇಹಕ್ಕೆ ಹಿತವಾದುದು ಮನಸ್ಸಿಗೂ ಹಿತವೆಂಬ ಅವರ ತರ್ಕಕ್ಕೆ ಅಡುಗೆಮನೆಯ ಬಾಗಿಲೇನೂ ಮುಚ್ಚಿಲ್ಲ.

ಇಷ್ಟು ಬರೆಯುವಾಗಲೇ ನನಗೊಂದು ಅಳುಕು. "ಅಡುಗೆ ಮಾಡುವುದು ಕಾಯಿಲೆಗೆ ಒಳ್ಳೆಯದಂತೆ, ಫಾದರ್ ಬರೆದಿದ್ದಾರೆ" ಎಂದು ಈ ಅಂಕಣವನ್ನು ಹೆಂಡತಿಯ ಮುಂದೆ ಹಿಡಿಯುವ ಗಂಡಂದಿರು ಇರಲಾರರೇ? ಜ್ವರದಲ್ಲಿಯೂ ಒಲೆಯ ಮುಂದೆ ನಿಲ್ಲುವ ತಾಯಂದಿರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಮಾರ್ಕನ ಶುಭಸಂದೇಶದಲ್ಲಿ ಪೇತ್ರನ ಅತ್ತೆ ಜ್ವರ ಬಿಟ್ಟೊಡನೆ ಎದ್ದು ಅತಿಥಿಗಳನ್ನು ಉಪಚರಿಸಿದ ಪ್ರಸಂಗವನ್ನು ಓದಿದ ಭಾನುವಾರ ಒಬ್ಬ ಹೆಂಗಸು ನನ್ನನ್ನು ಕೇಳಿದ್ದರು: "ಜ್ವರ ಬಿಟ್ಟ ಕೂಡಲೇ ಬಡಿಸಲು ಏಳಬೇಕಿತ್ತೇ ಫಾದರ್? ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ?" ನ್ಯಾಯವಾದ ಪ್ರಶ್ನೆ. ಅಲ್ಲಿ ಮೊದಲು ಜ್ವರ ಬಿಟ್ಟಿತು, ಆಮೇಲೆ ಸೇವೆ. ನಮ್ಮ ಮನೆಗಳಲ್ಲಿ ಆ ಕ್ರಮ ತಲೆಕೆಳಗಾಗಿದೆ. ಅದೇ ಶುಭಸಂದೇಶದಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಪ್ರಭು, ಅವಳಿಗೆ ತಿನ್ನಲು ಕೊಡುವಂತೆ ಮನೆಯವರಿಗೆ ಅಪ್ಪಣೆ ಮಾಡುತ್ತಾರೆ. ಅದನ್ನೂ ಮರೆಯಬಾರದು.

ಆದುದರಿಂದ ಹೊರನೋಟಕ್ಕೆ ಒಂದೇ ಆದ ಕ್ರಿಯೆ ಒಬ್ಬರಿಗೆ ಸಾಂತ್ವನ, ಇನ್ನೊಬ್ಬರಿಗೆ ನೊಗ. ಇವೆರಡನ್ನು ಬೇರ್ಪಡಿಸಲು ನನಗೆ ತೋಚಿದ ಅಳತೆಗೋಲು ಇಷ್ಟೇ: ನಾದುತ್ತಿರುವ ಹಿಟ್ಟನ್ನು ಅರ್ಧಕ್ಕೇ ಬಿಟ್ಟು ಆಕೆ ಹೋಗಿ ಮಲಗಿದರೆ, ಆ ಹೊತ್ತಿನ ಊಟ ಮನೆಯವರಿಗೆ ತಪ್ಪುತ್ತದೆಯೇ? ತಪ್ಪುತ್ತದೆಂದಾದರೆ ಆಕೆಯನ್ನು ಮಲಗಲು ಕಳುಹಿಸಿ, ಸೌಟು ನೀವು ಹಿಡಿಯಿರಿ. ತಪ್ಪುವುದಿಲ್ಲವೆಂದಾದರೆ, ವೈದ್ಯರ ಅನುಮತಿಯೂ ಇದ್ದರೆ, "ನಿಮಗೇಕಮ್ಮಾ ಈ ಉಸಾಬರಿ" ಎಂದು ಅಕ್ಕರೆಯಿಂದಲೇ ಆದರೂ ತಡೆಯಬೇಡಿ. ರೊಟ್ಟಿ ಸ್ವಲ್ಪ ಸೀದೀತು, ಅಡುಗೆಮನೆಯೆಲ್ಲ ಹಿಟ್ಟಾದೀತು. ಪಾತ್ರೆ ತೊಳೆಯುವವರು ಯಾರೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಒಲೆಯ ಬಳಿ ಎಂದೂ ಸುಳಿಯದ ಗಂಡಸರಿಗೆ ಒಂದು ಸೂಚನೆ. ಗಂಜಿಗೆ ಬೇಕಾದುದು ಕುಚ್ಚಲಕ್ಕಿ, ಧಾರಾಳವಾಗಿ ನೀರು, ಕೊನೆಗೆ ಉಪ್ಪು; ಪಕ್ಕದಲ್ಲೊಂದು ಮಾವಿನ ಮಿಡಿ. ಕಲಿಯಲು ಒಂದು ಸಂಜೆ ಸಾಕು.