ಪರವಾನಗಿ ಕೊಡಿಸಿದವರು ನಾವೇ

ಇತ್ತೀಚೆಗೆ ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ, ಸಭೆ ಮುಗಿದು ಉಪ್ಪಿಟ್ಟು-ಕಾಫಿಯ ಹೊತ್ತಿಗೆ ಒಂದು ದೂರು ತಪ್ಪದೆ ಕಿವಿಗೆ ಬೀಳುತ್ತದೆ. ವಾಹನ ಚಾಲನೆಯ ಪರೀಕ್ಷೆ ಬಿಗಿಯಾಗುತ್ತಿದೆಯಂತೆ. ಪುಣೆ, ಬೆಂಗಳೂರುಗಳಲ್ಲಿ ಇರುವಂತೆ ಕ್ಯಾಮರಾ ಕಣ್ಣಿನ ಪಥ ನಮ್ಮ ಕಡೆಗೂ ಬರುತ್ತದಂತೆ. ಎಂಟರ ಆಕಾರದಲ್ಲಿ ಓಡಿಸಬೇಕಂತೆ, ಹಿಂದಕ್ಕೆ ಹೋಗಬೇಕಂತೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕಂತೆ. ‘ನಮ್ಮ ಮಕ್ಕಳು ಪಾಸಾಗುವುದು ಹೇಗೆ?’ ಎಂಬುದು ಎಲ್ಲರ ಚಿಂತೆ. ‘ನಮ್ಮ ಮಕ್ಕಳು ಓಡಿಸಲು ಕಲಿಯುವುದು ಹೇಗೆ?’ ಎಂದು ಕೇಳಿದವರನ್ನು ಮಾತ್ರ ನಾವು ಇದುವರೆಗೆ ಕಂಡಿಲ್ಲ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಇದು ಹೊಸ ಪರೀಕ್ಷೆಯೇ ಅಲ್ಲ. ನಿಯಮದ ಪುಸ್ತಕ ತಿರುವಿಹಾಕುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ಹೇಳುತ್ತೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 15ನೇ ನಿಯಮವನ್ನು ಓದಿ ನೋಡಿ. ಕನ್ನಡಿ ಸರಿಪಡಿಸಿಕೊಳ್ಳುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವುದು, ಹಿಮ್ಮುಖವಾಗಿ ಇಕ್ಕಟ್ಟಾದ ಜಾಗಕ್ಕೆ ವಾಹನ ಸೇರಿಸುವುದು ಎಲ್ಲವೂ ಅಲ್ಲಿವೆ. ಇಷ್ಟು ವರ್ಷ ಅವು ಕಾಗದದಲ್ಲಿದ್ದವು. ಈಗ ನೆಲಕ್ಕೆ ಇಳಿಯುತ್ತಿವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ದೂರೂ ಅದೇ ಜಾತಿಯದು.

ಪರರ ಮಾತೇಕೆ, ನಮ್ಮ ಮನೆಯ ಕತೆಯನ್ನೇ ಹೇಳುತ್ತೇವೆ. ನಮ್ಮ ಹುಡುಗಿಯನ್ನು ಒಂದು ಡ್ರೈವಿಂಗ್ ಶಾಲೆಗೆ ಸೇರಿಸಿದೆವು. ‘ಲೈಸೆನ್ಸ್ ಸಮೇತ’ ಎಂಬ ಒಪ್ಪಂದ. ಅದಕ್ಕೆ ಬೇರೆ ಹಣ. ಏನು, ಎತ್ತ ಎಂದು ನಾವು ಕೇಳಲಿಲ್ಲ. ಒಂದೇ ಕಾರಿನಲ್ಲಿ ಮೂವರು ವಿದ್ಯಾರ್ಥಿಗಳು. ಅವಳ ಪಾಲಿಗೆ ದಿನಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷ. ಇಪ್ಪತ್ತೊಂದು ದಿನಕ್ಕೆ ಲೆಕ್ಕ ಹಾಕಿದರೆ ಐದೂಕಾಲು ಗಂಟೆ. ಆ ಐದೂಕಾಲು ಗಂಟೆಯೂ ಕಲಿಸುವವರ ಕಾಲು ಅವರ ಕಡೆಯ ಬ್ರೇಕ್, ಕ್ಲಚ್‌ಗಳ ಮೇಲೆಯೇ ಇತ್ತು. ಪರೀಕ್ಷೆಯ ದಿನ ಮೈದಾನದಲ್ಲಿ ಒಂದು ಸುತ್ತು. ಪರವಾನಗಿ ಮನೆಗೆ ಬಂತು. ನಾವು ಪೇಡೆ ಹಂಚಿದೆವು.

ಅದಾದ ಎರಡನೆಯ ಭಾನುವಾರ ಡೊಂಬಿವಲಿಯ ಕೋಪರ್ ಸೇತುವೆಯ ಏರಿನಲ್ಲಿ ವಾಹನಗಳ ಸಾಲು ನಿಂತಿತು. ಸಾಲು ಮುಂದೆ ಸರಿದಾಗ ನಮ್ಮ ಕಾರು ಹಿಂದೆ ಸರಿಯಿತು. ಪಕ್ಕದಲ್ಲಿದ್ದ ನಾವು ಕೈಬ್ರೇಕ್ ಎಳೆಯುವಷ್ಟರಲ್ಲಿ ಹಿಂದಿದ್ದ ರಿಕ್ಷಾದ ದೀಪ ಪುಡಿಯಾಗಿತ್ತು. ರಿಕ್ಷಾದವರು ಇಳಿದು ಬಂದು ಬೈಯಲಿಲ್ಲ. ‘ಲಾಯ್ಸನ್ಸ್ ಕೋಣೀ ದಿಲಂ?’ ಎಂದು ಕೇಳಿದರು, ಅಷ್ಟೇ. ಯಾರು ಕೊಟ್ಟರು? ಸರಕಾರ ಎನ್ನಬಹುದಿತ್ತು, ಶಾಲೆ ಎನ್ನಬಹುದಿತ್ತು. ಆದರೆ ಹೆಚ್ಚಿನ ಹಣ ಕೊಟ್ಟು ಅದನ್ನು ಕೊಡಿಸಿದವರು ನಾವೇ ಅಲ್ಲವೇ? ರಿಕ್ಷಾದ ಜಾಗದಲ್ಲಿ ಮಗುವನ್ನು ಕೂರಿಸಿಕೊಂಡ ಸ್ಕೂಟರ್ ಇದ್ದಿದ್ದರೆ? ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಿಯಮ ಏನು ಹೇಳುತ್ತದೆ? ಕಾರು ಕಲಿಯುವವರಿಗೆ ಕನಿಷ್ಠ 21 ದಿನಗಳ ತರಬೇತಿ. ಸ್ವತಃ ಓಡಿಸಿದ ಅವಧಿ 10 ಗಂಟೆಗೆ ಕಡಿಮೆ ಇರಕೂಡದು. ಯಾರು ಎಷ್ಟು ಹೊತ್ತು ಓಡಿಸಿದರೆಂಬುದನ್ನು ಶಾಲೆಯವರು ನಮೂನೆ 15ರ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೆ ಕೌಂಟರಿನ ಮುಂದೆ ನಿಂತು ವಾದಿಸುವ ನಾವು, ಆ ಪುಸ್ತಕವನ್ನು ತೋರಿಸಿ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಲಘು ವಾಹನದ ಪಾಠಕ್ಕೆ 29 ಗಂಟೆ ನಿಗದಿ ಮಾಡಿವೆ. ಅದರಲ್ಲಿ 21 ಗಂಟೆ ಚಾಲನೆಯ ಅಭ್ಯಾಸ. ಆ 29 ಗಂಟೆ ಎಲ್ಲಿ, ನಮ್ಮ ಐದೂಕಾಲು ಗಂಟೆ ಎಲ್ಲಿ!

‘ಸ್ವಾಮೀ, ಬೆಳಿಗ್ಗೆ ಆರಕ್ಕೆ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಬರುವವರಿಗೆ ಇಷ್ಟು ಪುರಸೊತ್ತು ಎಲ್ಲಿ? ನಪಾಸಾದರೆ ಮತ್ತೊಂದು ರಜೆ ಹಾಳು’ ಎಂಬ ಮಾತಿದೆ. ನಿಜ. ನಾವೂ ಅದೇ ಲೋಕಲಿನಲ್ಲಿ ನೇತಾಡುವವರು. ಪರೀಕ್ಷೆಯನ್ನು ಬಿಗಿ ಮಾಡುವ ಸರಕಾರ ರಜಾ ದಿನಗಳಲ್ಲೂ ಪರೀಕ್ಷೆ ನಡೆಸಲಿ, ಎಲ್ಲಿ ತಪ್ಪಾಯಿತೆಂದು ಬರೆದು ಕೊಡಲಿ ಎಂದು ಕೇಳುವುದು ನಮ್ಮ ಹಕ್ಕು. ಆದರೆ ಪುರಸೊತ್ತಿಲ್ಲವೆಂಬ ಕಾರಣಕ್ಕೆ ಪರೀಕ್ಷೆಯೇ ಸಡಿಲವಾಗಿರಲಿ ಎನ್ನುವುದು ಯಾವ ನ್ಯಾಯ? ಕಲಿಕೆಯ ಪರವಾನಗಿಗೆ ಆರು ತಿಂಗಳ ಅವಧಿ ಇದೆ. ಮೂವತ್ತನೆಯ ದಿನವೇ ಪರೀಕ್ಷೆಗೆ ಓಡಬೇಕೆಂದು ಯಾರೂ ಹೇಳಿಲ್ಲ.

ನಮ್ಮ ರಸ್ತೆಗಳನ್ನು ನೋಡಿ. ಕಲ್ಯಾಣ್-ಶಿಳ್ ರಸ್ತೆಯ ಲಾರಿಗಳು, ಘೋಡ್‌ಬಂದರ್ ರಸ್ತೆಯ ಹೊಂಡಗಳು, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯ ವೇಗ. ಬಿ.ಎಸ್ಸಿ.ಯಲ್ಲಿ ಕಲಿತ ಒಂದು ಲೆಕ್ಕ ಈಗ ಉಪಯೋಗಕ್ಕೆ ಬರುತ್ತಿದೆ. ಗಂಟೆಗೆ 40 ಕಿ.ಮೀ. ವೇಗದ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 80ರಲ್ಲಿ 22 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಚೌತಿಗೋ ದೀಪಾವಳಿಗೋ ಊರಿಗೆ ಹೊರಟಾಗ ಇದೇ ಮಕ್ಕಳು ಪರಶುರಾಮ ಘಾಟಿಯನ್ನೋ ಖಂಬಾಟ್ಕಿ ಘಾಟಿಯನ್ನೋ ಇಳಿಯಬೇಕು. ಅಲ್ಲಿ ಗೇರು ಇಳಿಸಲು ಬಾರದವನನ್ನು ಪರವಾನಗಿಯ ಕಾರ್ಡು ಕಾಪಾಡುವುದಿಲ್ಲ.

ಹೋಟೆಲು ನಡೆಸುವ ಬಂಧುಗಳಿಗೂ ಒಂದು ಮಾತು. ಊರಿನಿಂದ ಬಂದ ಹುಡುಗನ ಕೈಗೆ ಮೂರನೆಯ ದಿನವೇ ಸ್ಕೂಟರಿನ ಕೀಲಿ ಕೊಟ್ಟು ಪಾರ್ಸೆಲ್ಲಿಗೆ ಕಳುಹಿಸುವ ರೂಢಿ ನಿಲ್ಲಲಿ. ಪರವಾನಗಿ ಇಲ್ಲದವನಿಗೆ ವಾಹನ ಕೊಟ್ಟರೆ ಮೋಟಾರು ವಾಹನ ಕಾಯಿದೆಯ 180ನೇ ಕಲಮಿನಂತೆ ಮಾಲೀಕನೂ ಅಪರಾಧಿ. ಕಾನೂನು ಹಾಗಿರಲಿ, ನಮ್ಮನ್ನು ನಂಬಿ ಹುಡುಗನನ್ನು ಕಳುಹಿಸಿದ ಅವನ ತಾಯಿಗೆ ಏನು ಉತ್ತರ ಕೊಡುವುದು?

ದೂರಿ ಮುಗಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಸಂಘ ನಾಟಕದ ತಾಲೀಮಿಗೆ ತಿಂಗಳುಗಟ್ಟಲೆ ಸಭಾಗೃಹ ಬಿಟ್ಟುಕೊಡುತ್ತದೆ. ತಿಂಗಳಿಗೆ ಎರಡು ಭಾನುವಾರ ರಸ್ತೆಯ ನಿಯಮಗಳ ಪಾಠಕ್ಕೂ ಬಿಟ್ಟುಕೊಡಲಿ. ವರ್ಷಾನುಗಟ್ಟಲೆ ವಾಹನ ಓಡಿಸಿದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಕನ್ನಡದಲ್ಲಿ ತಿಳಿಸಿ ಹೇಳಲಿ. ಶಾಲೆಗೆ ಹಣ ಕಟ್ಟುವಾಗ ಪಾಲಕರು 10 ಗಂಟೆಯ ಲೆಕ್ಕವನ್ನು ಕೇಳಿ ಪಡೆಯಲಿ. ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಬರೆದು ಕಾರಿನ ಹಿಂದೆ ಮುಂದೆ ಹಚ್ಚಲು ನಾಚಿಕೆ ಬೇಡ. ಪಕ್ಕದಲ್ಲಿ ಪರವಾನಗಿ ಉಳ್ಳವರು ಕುಳಿತು, ವಾಹನ ಕಡಿಮೆ ಇರುವ ಹೊತ್ತಿನಲ್ಲಿ ಅದೇ ಏರು, ಅದೇ ಹಿಮ್ಮುಖ, ಅದೇ ತಿರುವುಗಳನ್ನು ಮಕ್ಕಳಿಂದ ಮತ್ತೆ ಮತ್ತೆ ಮಾಡಿಸಲಿ.

ನಮ್ಮ ಹುಡುಗಿ ಈಗ ಪರವಾನಗಿ ಇದ್ದೂ ಹೊಸದಾಗಿ ಕಲಿಯುತ್ತಿದ್ದಾಳೆ. ಹತ್ತು ಗಂಟೆ ತುಂಬಿಲ್ಲ. ತುಂಬುವವರೆಗೆ ಕೀಲಿ ನಮ್ಮ ಬಳಿಯೇ ಇರುತ್ತದೆ. ಮತ್ತೊಬ್ಬ ರಿಕ್ಷಾದವರು ಅದೇ ಪ್ರಶ್ನೆ ಕೇಳುವುದು ನಮಗೆ ಬೇಡ.