ಔಷಧದಾನವೋ, ಫಲಕದಾನವೋ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಅರಿಯದ ಶ್ರಾವಕರ ಮನೆಯಿಲ್ಲ. ಆದರೆ ಇವುಗಳಲ್ಲಿ ಔಷಧದಾನವು ಇಂದು ಯಾವ ರೂಪ ತಾಳಿದೆಯೆಂದು ಪರಿಶೀಲಿಸಿದರೆ ಸಮಾಧಾನ ಪಡುವಂತಹುದೇನೂ ಕಾಣುವುದಿಲ್ಲ. ಆಸ್ಪತ್ರೆಗೊಂದು ಯಂತ್ರ ಕೊಡಿಸಿ ಅದರ ಮೇಲೆ ತೀರ್ಥರೂಪರ ಹೆಸರು ಕೆತ್ತಿಸುವುದು, ಮಹಾವೀರ ಜಯಂತಿಯಂದು ಉಚಿತ ಹೃದಯ ತಪಾಸಣಾ ಶಿಬಿರ ನಡೆಸಿ ಭಾವಚಿತ್ರ ತೆಗೆಸಿಕೊಳ್ಳುವುದು, ಇಷ್ಟಕ್ಕೇ ಕರ್ತವ್ಯ ಮುಗಿಯಿತೆಂದು ಅನೇಕ ಟ್ರಸ್ಟುಗಳು ಭಾವಿಸಿವೆ. ಶಿಬಿರದಲ್ಲಿ ರಕ್ತದೊತ್ತಡ ಅಳೆದು ಚೀಟಿ ಬರೆದುಕೊಡುತ್ತಾರೆ. ಮರುದಿನ ಆ ಚೀಟಿ ಹಿಡಿದವನು ಎಲ್ಲಿಗೆ ಹೋಗಬೇಕೆಂದು ಕೇಳುವವರಿಲ್ಲ. ರಕ್ತದೊತ್ತಡಕ್ಕೆ ಒಂದು ದಿನದ ಮದ್ದಿಲ್ಲ. ದಿನದಿನವೂ ಮಾತ್ರೆ, ಬಹುಮಟ್ಟಿಗೆ ಬಾಳೆಲ್ಲ. ಮಾತ್ರೆ ಕೊಡದ ಶಿಬಿರವು ಹಸಿದವನಿಗೆ ಹಸಿವೆಯ ಪ್ರಮಾಣಪತ್ರ ಕೊಟ್ಟಂತೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಗೊರೇಬಾಳದಂತಹ ಊರನ್ನೇ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಭತ್ತವನ್ನು ತಂದಿತು. ಭತ್ತದೊಡನೆ ಪೇಟೆಗಳು ಬೆಳೆದವು, ಪೇಟೆಯೊಡನೆ ವರ್ತಕರ ಮನೆತನಗಳು ಬೆಳೆದವು. ಜೈನ ಮನೆತನಗಳೂ ಅವುಗಳಲ್ಲಿ ಸೇರಿವೆ. ಚೀಲ ಹೊರುವ ಹಮಾಲನಿಗೂ ಚೀಲ ಕೊಳ್ಳುವ ಸಾಹುಕಾರನಿಗೂ ಒಂದೇ ರಾತ್ರಿ ಎದೆ ಹಿಡಿದುಕೊಂಡರೆ ಏನಾಗುವುದೆಂದು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ಸಾಹುಕಾರನು ಕಾರಿನಲ್ಲಿ ರಾಯಚೂರಿಗೋ ಹೈದರಾಬಾದಿಗೋ ಹೊರಡುತ್ತಾನೆ. ಹಮಾಲನು ವಾಯುವಿರಬೇಕೆಂದು ಸೋಡಾ ಕುಡಿದು ಬೆಳಗಾಗುವುದನ್ನು ಕಾಯುತ್ತಾನೆ.

ಇದು ಬರಿಯ ಊಹೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುಂದಾಗಿ, ದೇಶದ 89 ಆಸ್ಪತ್ರೆಗಳಿಗೆ ಹೃದಯಾಘಾತದ ಲಕ್ಷಣಗಳಿಂದ ಬಂದ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆ ಮುಟ್ಟಲು ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿದ್ದರು. ಮೂವತ್ತು ದಿನಗಳೊಳಗೆ ಸತ್ತವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಅಧ್ಯಯನದ ನಿಜವಾದ ತಿರುಳು ಮುಂದಿದೆ. ರೋಗಿಗಳ ದುರಭ್ಯಾಸ, ಹಳೆಯ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಅಳಿಯಲಿಲ್ಲ. ದೊರೆತ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಅಳಿಯಿತು. ಎಂದರೆ ಬಡವನ ಹೃದಯ ಬೇರೆ ಮಣ್ಣಿನದಲ್ಲ. ಅವನಿಗೆ ಸಿಕ್ಕಿದ ಮದ್ದು ಬೇರೆ. ‘ಅವರವರ ಕರ್ಮ’ ಎಂದು ನಿಟ್ಟುಸಿರು ಬಿಟ್ಟು ಎದ್ದುಹೋಗುವವರು ಈ ಒಂದು ಲೆಕ್ಕವನ್ನು ಎರಡು ಬಾರಿ ಓದುವುದೊಳಿತು. ಕರ್ಮಸಿದ್ಧಾಂತವು ನೆರೆಯವನ ಮದ್ದನ್ನು ತಪ್ಪಿಸುವುದಕ್ಕೆ ಕೊಟ್ಟ ರಹದಾರಿಯಲ್ಲ.

ಬದುಕುಳಿದವರ ಸ್ಥಿತಿಯೂ ಮೇಲಲ್ಲ. ಭಾರತವೂ ಸೇರಿದಂತೆ ಹದಿನೇಳು ದೇಶಗಳಲ್ಲಿ ನಡೆದ ‘ಪ್ಯೂರ್’ ಅಧ್ಯಯನದ 2011ರ ವರದಿಯಂತೆ, ಬಡ ದೇಶಗಳಲ್ಲಿ ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಅದನ್ನು ತಡೆಯುವ ಸಾಮಾನ್ಯ ಔಷಧಗಳಲ್ಲಿ ಒಂದನ್ನೂ ಸೇವಿಸುತ್ತಿರಲಿಲ್ಲ.

ಸರ್ಕಾರ ಮಾಡಬೇಕಾದ ಕೆಲಸವಿದು ಎಂಬ ಆಕ್ಷೇಪ ಏಳುವುದು ಸಹಜ. ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2021ರಲ್ಲಿ 46ನೆಯ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಯಿತು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಇವೆಲ್ಲ ಸ್ತುತ್ಯ. ಆದರೆ ಇವು ಹೃದಯ ಒಡೆದ ಮೇಲಿನ ಮಾತು. ಒಡೆಯದಂತೆ ಕಾಯುವ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವೇ ಆದರೂ, ಅದಕ್ಕಾಗಿ ಸಾಲಿನಲ್ಲಿ ನಿಂತ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ನಾಟಿಯ ಕಾಲದಲ್ಲಿ ಕೂಲಿ ಬಿಟ್ಟು ಮಾತ್ರೆಗೆ ಹೋಗುವ ಹೆಣ್ಣುಮಗಳು ಎಲ್ಲಿದ್ದಾಳೆ? ಆ ತಲಬಾಗಿಲಿನ ಕೊರತೆಯನ್ನು ತುಂಬಬೇಕಾದವರು ಊರೊಳಗಿನ ಉಳ್ಳವರೇ.

ಸಸ್ಯಾಹಾರಿಗಳಿಗೆ ಹೃದ್ರೋಗ ಸುಳಿಯದೆಂಬ ಇನ್ನೊಂದು ಭ್ರಮೆ ಸಮಾಜದಲ್ಲಿ ಬೇರೂರಿದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು ಐದಾರು ವರ್ಷ ಮುಂಚೆ ಬರುವುದೆಂದು 2007ರ ಅಧ್ಯಯನವೊಂದು ತೋರಿಸಿದೆ. ಹಸಿರು ತರಕಾರಿ ವರ್ಜಿಸುವ ತಿಥಿಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೇ ಊಟವಾದರೆ, ದಿನಕ್ಕೆ ಐದು ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪು ಎಲ್ಲಿ ನಿಲ್ಲುತ್ತದೆ? ಉತ್ಸವದ ಭೋಜನಶಾಲೆಯಲ್ಲಿ ವನಸ್ಪತಿಯ ಡಬ್ಬಿ ತೆರೆಯುವ ಟ್ರಸ್ಟು ಹೃದಯ ಶಿಬಿರವನ್ನೂ ನಡೆಸುವುದೆಂದರೆ ನಗೆಪಾಟಲಿನ ಸಂಗತಿ.

ಇದಕ್ಕಿಂತ ಗಂಭೀರವಾದುದು ಅಂಗಡಿಯ ವಿಷಯ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಜೋಡಿಯಾಗಿ ಮಾರಾಟವಾಗತೊಡಗಿತು. ಅಗಿಯುವ ತಂಬಾಕೂ ಸೇದುವ ತಂಬಾಕೂ ಹೃದಯಕ್ಕೆ ಹಾನಿಕರವೆಂಬುದು ನಿರ್ವಿವಾದ. ಶ್ರಾವಕರಿಗೆ ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು. ಸೂರ್ಯಾಸ್ತಕ್ಕೆ ಮುನ್ನ ಉಂಡು, ನೀರು ಸೋಸಿ ಕುಡಿಯುವವರ ಅಂಗಡಿಯ ಮುಂದೆಯೇ ಈ ಪೊಟ್ಟಣಗಳ ಮಾಲೆ ತೂಗಿದರೆ, ಕೂಲಿಯವನ ಕೈಯಿಂದ ಹಗಲೆಲ್ಲ ಪಡೆದ ಚಿಲ್ಲರೆಯಿಂದಲೇ ಅವನಿಗೆ ತಪಾಸಣೆ ಏರ್ಪಡಿಸಿದಂತಾಯಿತು.

ಈ ಸೀಮೆಗೆ ಹಳೆಯ ನೆನಪೊಂದಿದೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಮಸ್ಕಿಯಲ್ಲಿ ದೊರೆಯಿತು. ಧರ್ಮದ ಫಲವು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಕಿರಿಯನೂ ಪಡೆಯಬಲ್ಲನೆಂಬುದು ಅದರ ಆಶಯ. ಅದೇ ದೊರೆ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದುದನ್ನು, ಮೂಲಿಕೆಗಳಿಲ್ಲದೆಡೆ ತರಿಸಿ ನೆಡಿಸಿದುದನ್ನು ಹೇಳಿದ್ದಾನೆ. ರೋಗಿಯನ್ನು ಮೂಲಿಕೆಯ ಬಳಿಗೆ ಕರೆಯಲಿಲ್ಲ, ಮೂಲಿಕೆಯನ್ನೇ ಕಳುಹಿದನು.

ಜನೌಷಧಿ ಮಳಿಗೆಯಲ್ಲಿ ರಕ್ತದೊತ್ತಡದ ಸಾಮಾನ್ಯ ಮಾತ್ರೆಯೊಂದರ ಬೆಲೆ ಒಂದು ರೂಪಾಯಿಯ ಆಚೀಚೆ. ಐನೂರು ಮಂದಿಗೆ ವರ್ಷಕ್ಕೆ 1,82,500 ರೂಪಾಯಿ. ವೈದ್ಯರ ಸಲಹೆಯಂತೆ ಮಾತ್ರೆಯನ್ನು ಮನೆಗೆ ಮುಟ್ಟಿಸಿ, ತಿಂಗಳಿಗೊಮ್ಮೆ ಒತ್ತಡ ಅಳೆದು ಪುಸ್ತಕದಲ್ಲಿ ಬರೆದಿಡಲು ತರಬೇತಿ ಪಡೆದ ಊರಿನ ಒಬ್ಬ ಹೆಣ್ಣುಮಗಳಿಗೆ ಸಂಬಳ. ಯಾವ ಮಹಾದ್ವಾರದ ಕಲ್ಲುಗೆಲಸಕ್ಕೂ ಇಷ್ಟು ಸಾಲದು. ಟ್ರಸ್ಟಿನ ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಸದಸ್ಯರೊಬ್ಬರು ಎದ್ದು ಕೇಳಬೇಕು: ಕಳೆದ ಶಿಬಿರದಲ್ಲಿ ಒತ್ತಡ ಹೆಚ್ಚೆಂದು ಚೀಟಿ ಪಡೆದವರಲ್ಲಿ ಎಷ್ಟು ಮಂದಿ ಇಂದಿಗೂ ಮಾತ್ರೆ ನುಂಗುತ್ತಿದ್ದಾರೆ? ಆ ಪಟ್ಟಿ ಕಚೇರಿಯಲ್ಲಿ ಇಲ್ಲವಾದರೆ, ಶಿಬಿರದ ಖರ್ಚನ್ನು ಔಷಧದಾನದ ಬಾಬ್ತಿನಿಂದ ತೆಗೆದು ಪ್ರಚಾರದ ಬಾಬ್ತಿಗೆ ಜಮಾ ಮಾಡತಕ್ಕದ್ದು.