ಮೊಳಕೆ ಬಂದ ಮಾತ್ರಕ್ಕೆ ಮಣ್ಣು ಶುದ್ಧವಲ್ಲ

‘ಬಿತ್ತಿದ್ದೆಲ್ಲ ಹುಟ್ಟಿದೆ, ಇನ್ನು ನೀರಿಗೇನು ದೋಷ?’ ಎಂದು ಚರಂಡಿ ನೀರು ಹಾಯಿಸುವ ಕಡೆ ಕೇಳುವವರುಂಟು. ಮೇಲ್ನೋಟಕ್ಕೆ ಮಾತು ಸರಿ ಎನಿಸುತ್ತದೆ. ಆದರೆ ಅದನ್ನು ನಂಬಿ ಸೊಪ್ಪು ಬೆಳೆದರೆ ಮೋಸಹೋಗುವವರು ನಾವು ಮತ್ತು ನಮ್ಮ ಮಕ್ಕಳು.

ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ದಶಕಗಳಿಂದ ಬಿಡದಿ ಬಳಿಯ ಬೈರಮಂಗಲ ಕೆರೆಯತ್ತ ಹರಿದಿದೆ. ಇಂಥ ನೀರಿನೊಡನೆ ಸೀಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಹೊಲ ಸೇರಬಹುದು. ನಮ್ಮ ಸಾಸಿವೆ ಇವುಗಳನ್ನು ಬೇರಿನಿಂದ ಹೀರಿ ಎಲೆ, ಕಾಂಡಗಳಲ್ಲಿ ಕೂಡಿಡಬಲ್ಲ ಗಿಡ. ಕೆಟ್ಟ ಮಣ್ಣನ್ನು ಶುದ್ಧಿ ಮಾಡಲು ವಿದೇಶಗಳಲ್ಲಿ ಇದನ್ನೇ ಬೆಳೆದು ನೋಡಿದ್ದಾರೆ. ವಿಷ ಹೀರಿಯೂ ಗಿಡ ಹಸಿರಾಗಿಯೇ ಕಾಣಬಹುದು.

ಬೀಜದ ಮಾತೂ ಹಾಗೆಯೇ. ಮೊಳಕೆಗೆ ಬೇಕಾದ ಆಹಾರ ಬೀಜದೊಳಗೇ ಇರುತ್ತದೆ. ಹೊರಸಿಪ್ಪೆ ಲೋಹವನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ತೇವ ಸಿಕ್ಕರೆ ಮಲಿನ ಮಣ್ಣಿನಲ್ಲೂ ಅದು ಮೊಳೆಯುತ್ತದೆ. ಪೆಟ್ಟು ಮೊದಲು ಬೀಳುವುದು ಎಳೆ ಬೇರಿಗೆ.

ನೀವೇ ಪರೀಕ್ಷಿಸಿ. ಸಾಸಿವೆಯ 100 ಬೀಜಗಳನ್ನು ಒಳ್ಳೆಯ ಹೊಲದ ಮಣ್ಣಿನಲ್ಲಿ, ಇನ್ನು 100ನ್ನು ಅನುಮಾನದ ಮಣ್ಣಿನಲ್ಲಿ ಹಾಕಿ, ಎರಡಕ್ಕೂ ಒಳ್ಳೆಯ ನೀರು ಕೊಟ್ಟು 7ನೆಯ ದಿನ ಎಣಿಸಿ. ಪ್ರಮಾಣಿತ ಸಾಸಿವೆ ಬೀಜ ಕನಿಷ್ಠ ಶೇ. 85 ಮೊಳೆಯಬೇಕು. ಎರಡೂ ಕಡೆ ಅಷ್ಟು ಬಂದರೆ ಬೀಜ ಒಳ್ಳೆಯದೆಂದಷ್ಟೇ ಅರ್ಥ. ಬಳಿಕ ಸಸಿ ಕಿತ್ತು ಬೇರು ಅಳೆಯಿರಿ. ಅನುಮಾನದ ಮಣ್ಣಿನ ಬೇರು ಮೊಟಕಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಎಚ್ಚರ. ಬೇರು ಚೆನ್ನಾಗಿದ್ದರೂ ನಿಶ್ಚಿಂತರಾಗುವಂತಿಲ್ಲ. ಕೊನೆಯ ತೀರ್ಪು ಪ್ರಯೋಗಾಲಯದ್ದು.

ನನ್ನ ತಕರಾರು ಇರುವುದು ಇಲ್ಲಿಯೇ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಎಲ್ಲ ಇವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಚೀಟಿ ಕೈಯಲ್ಲಿದ್ದರೂ ವಿಷದ ವಿಷಯ ರೈತನಿಗೆ ತಿಳಿಯದು. ನಗರದ ಚರಂಡಿ ಹರಿಯುವ ಕೆಳದಂಡೆಯ ಊರುಗಳಲ್ಲಾದರೂ ಭಾರಲೋಹ ಪರೀಕ್ಷೆಯನ್ನು ಸರ್ಕಾರವೇ ಉಚಿತವಾಗಿ ಮಾಡಿಸಬೇಕು. ನೀರು ಕೆಡಿಸಿದವರು ಬೇರೆ, ಪರೀಕ್ಷೆಯ ಖರ್ಚು ರೈತನ ಮೇಲೆ ಎಂದರೆ ಯಾವ ನ್ಯಾಯ?

ಅಲ್ಲಿಯವರೆಗೆ ಅಂಥ ಹೊಲದಲ್ಲಿ ಸೊಪ್ಪು ತರಕಾರಿ, ಮೇವು ಬೇಡ. ಹುಳಿ ಮಣ್ಣಾದರೆ ಸಲಹೆ ಪಡೆದು ಸುಣ್ಣ ಹಾಕಿ. ಲೋಹ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಮಣ್ಣು ಶುದ್ಧಿಗೆಂದು ಸಾಸಿವೆ ಬೆಳೆದರೆ ಆ ಗಿಡವನ್ನು ದನಕ್ಕೆ ಹಾಕಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಹೀರಿದ ವಿಷ ಮತ್ತೆ ಮನೆಗೇ ಬರುತ್ತದೆ. ಒಂದೆರಡು ಬೆಳೆಯಲ್ಲಿ ಮುಗಿಯುವ ಕೆಲಸವೂ ಅದಲ್ಲ.

ಮೊಳಕೆ ಬೀಜದ ಗುಣ ಹೇಳುತ್ತದೆ. ಮಣ್ಣಿನ ಗುಣವನ್ನು ಬೇರೆಯಾಗಿಯೇ ಕೇಳಿ ತಿಳಿಯಬೇಕು.